ಮಾವಿನಡಿ ನಿಂತ ಕಾರಿಗೆ ಅಂಟಿದ್ದೇನು?

ಮಾವಿನ ಮರದಡಿ ನಿಲ್ಲಿಸಿದ ಕಾರಿನ ಮೇಲಿನ ಅಂಟು, ಹೆದ್ದಾರಿಯಲ್ಲಿ ಬಡಿದ ಹುಳುಗಳ ಕಲೆ, ಇವನ್ನು ಬಣ್ಣ ಕೆಡದಂತೆ ತೆಗೆಯುವುದು ಹೇಗೆ ಎಂಬುದು ಚಿಂತಾಮಣಿ ಕಡೆಯ ಓದುಗರ ಪ್ರಶ್ನೆ.

ಮಾವು ಹೂ ಬಿಡುವ ಕಾಲದಲ್ಲಿ ಗಾಜಿನ ಮೇಲೆ ಸಣ್ಣ ಹನಿಗಳಾಗಿ ಮಿನುಗುವ ಅಂಟು ಬಹುಪಾಲು ಮರದ್ದಲ್ಲ. ಹೂಗೊಂಚಲಿನ ರಸ ಹೀರುವ ಜಿಗಿಹುಳು ಹೊರಹಾಕುವ ಸಕ್ಕರೆ ದ್ರವ ಅದು. ಹಾಗೇ ಬಿಟ್ಟರೆ ಕಪ್ಪು ಬೂಷ್ಟು ಹಿಡಿಯುತ್ತದೆ. ಸಕ್ಕರೆಯಾದ್ದರಿಂದ ಉಗುರುಬೆಚ್ಚಗಿನ ನೀರು, ಕಾರ್ ಶಾಂಪೂ ಸಾಕು.

ನಿಜವಾದ ಸೊನೆ ಬೇರೆ. ಎಣ್ಣೆ, ರಾಳದ ಅಂಶವಿರುವುದರಿಂದ ಅದು ನೀರಿಗೆ ಜಗ್ಗದು. ಮೆತ್ತನೆಯ ಬಟ್ಟೆಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಕಲೆಯ ಮೇಲೆ ಅರ್ಧ ನಿಮಿಷ ಒತ್ತಿ ಹಿಡಿದು, ಒರೆಸಿ, ತೊಳೆದು, ಆ ಜಾಗಕ್ಕೆ ಮತ್ತೆ ವ್ಯಾಕ್ಸ್ ಹಚ್ಚಬೇಕು. ಥಿನ್ನರ್ ಮಾತ್ರ ಬೇಡವೇ ಬೇಡ, ಬಣ್ಣವನ್ನೇ ಕೆಡಿಸುತ್ತದೆ.

ರಾತ್ರಿ 44ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ಚಿಕ್ಕಬಳ್ಳಾಪುರ ದಾಟಿ ಬಂದ ಕಾರಿನ ಬಂಪರ್ ತುಂಬ ಹುಳುಗಳು. ಬಿಸಿಲಿಗೆ ಒಣಗಿದರೆ ಅವು ಬಣ್ಣದ ಮೇಲ್ಪದರವನ್ನು ತಿನ್ನುತ್ತವೆ. ಒಣಗಿದ್ದನ್ನು ಉಜ್ಜಿದರೆ ಗೀರು ಬೀಳುತ್ತದೆ. ಶಿಡ್ಲಘಟ್ಟದ ರೀಲರ್‌ಗಳು ರೇಷ್ಮೆಗೂಡನ್ನು ಬಿಸಿನೀರಿನಲ್ಲಿ ಬೇಯಿಸಿ, ಸೆರಿಸಿನ್ ಎಂಬ ಅಂಟು ಸಡಿಲವಾದ ಮೇಲೆಯೇ ಎಳೆ ಹಿಡಿಯುತ್ತಾರೆ. ಇಲ್ಲೂ ಅದೇ ತಾಳ್ಮೆ ಬೇಕು. ಬಾನೆಟ್ ತಣ್ಣಗಾದ ಮೇಲೆ, ನೆರಳಿನಲ್ಲಿ, ಒದ್ದೆ ಬಟ್ಟೆಯನ್ನು 10 ನಿಮಿಷ ಹೊದಿಸಿಟ್ಟರೆ ರೆಕ್ಕೆ, ಕಾಲುಗಳೆಲ್ಲ ಮೆತ್ತಗಾಗಿ ಒಂದೇ ಸಲ ಒರೆಸಿದಾಗ ಜಾರಿಬರುತ್ತವೆ.