ರೋಗಿಗೆ ತಲುಪದ ಮಾತು

ಬಂಧುವೊಬ್ಬರ ಚಿಕಿತ್ಸೆಗಾಗಿ ಕೆಲವು ತಿಂಗಳು ಬೆಂಗಳೂರಿನ ಕ್ಯಾನ್ಸರ್ ಆಸ್ಪತ್ರೆಯೊಂದಕ್ಕೆ ಅಲೆಯಬೇಕಾಯಿತು. ಅಲ್ಲಿ ಕಂಡ ಒಂದು ಪ್ರಸಂಗ ಮನಸ್ಸಿನಿಂದ ಮಾಸಿಲ್ಲ. ರಾಯಚೂರು ಕಡೆಯ ಮಹಿಳೆಯೊಬ್ಬರಿಗೆ ಮೊದಲ ಸುತ್ತಿನ ಕೀಮೋಥೆರಪಿ ಮುಗಿದಿತ್ತು. ಹೊರರಾಜ್ಯದಿಂದ ಬಂದಿದ್ದ ಯುವ ವೈದ್ಯರು ಹಿಂದಿ, ಇಂಗ್ಲಿಷ್ ಬೆರೆಸಿ ತಾಳ್ಮೆಯಿಂದ ಎಚ್ಚರಿಕೆ ಹೇಳುತ್ತಿದ್ದರು. ಅಲ್ಲೇ ಇದ್ದ ಆಯಾ ಅದನ್ನು ಒಂದೇ ವಾಕ್ಯಕ್ಕೆ ಇಳಿಸಿದರು: ‘ಜ್ವರ ಬಂದ್ರೆ ಮಾತ್ರೆ ನುಂಗ್ಬೇಕಂತಮ್ಮ.’ ವೈದ್ಯರು ಹೇಳಿದ್ದು ಇದಕ್ಕೆ ತದ್ವಿರುದ್ಧ: ಜ್ವರ ಬಂದರೆ ಮಾತ್ರೆ ನುಂಗಿ ಮನೆಯಲ್ಲಿ ಕೂರದೆ ಕೂಡಲೇ ಆಸ್ಪತ್ರೆಗೆ ಬರಬೇಕು. ಪಕ್ಕದಲ್ಲಿದ್ದ ನಾನು ತಿದ್ದಿ ಹೇಳಿದೆ.

ಈ ವ್ಯತ್ಯಾಸ ಸಣ್ಣದಲ್ಲ. ಕೀಮೋಥೆರಪಿಯಿಂದ ಬಿಳಿ ರಕ್ತಕಣಗಳು ಕುಸಿದಾಗ 100.4 ಡಿಗ್ರಿ ಫ್ಯಾರನ್‌ಹೀಟ್ ಜ್ವರವೂ ತುರ್ತುಸ್ಥಿತಿಯೇ. ತಡವಾದರೆ ಸೋಂಕು ಪ್ರಾಣಕ್ಕೇ ಎರವಾಗಬಹುದು.

ಇಂತಹ ತೊಡಕುಗಳು ಹಲವು. ವರದಿಯಲ್ಲಿ ‘ಪಾಸಿಟಿವ್’ ಎಂದಿದ್ದರೆ ಶುಭಸುದ್ದಿ ಎಂದುಕೊಳ್ಳುವವರಿದ್ದಾರೆ. ರೇಡಿಯೊಥೆರಪಿಯನ್ನು ನಮ್ಮ ಜನ ‘ಕರೆಂಟ್ ಕೊಡುವುದು’ ಎನ್ನುತ್ತಾರೆ. ಆ ಹೆಸರೇ ಹೆದರಿಸುತ್ತದೆ. ಬಂಧುಗಳು ದುಭಾಷಿಗಳಾದರಂತೂ ಕ್ಯಾನ್ಸರ್ ಎಂಬ ಪದವನ್ನೇ ನುಂಗಿ ‘ಸಣ್ಣ ಗಡ್ಡೆ’ ಎಂದುಬಿಡುತ್ತಾರೆ. ಅದರ ಹಿಂದಿರುವುದು ಪ್ರೀತಿಯೇ. ಆದರೆ ತಾನು ಯಾವುದಕ್ಕೆ ಸಹಿ ಹಾಕಿದೆನೆಂಬುದು ರೋಗಿಗೆ ತಿಳಿಯದೇ ಹೋಗುತ್ತದೆ.

ಇದಕ್ಕೆ ವೈದ್ಯರನ್ನು ದೂರುವುದು ಸರಿಯಲ್ಲ. ಸರ್ಕಾರಿ ವೈದ್ಯಕೀಯ ಕಾಲೇಜುಗಳ ಸ್ನಾತಕೋತ್ತರ ಸೀಟುಗಳಲ್ಲಿ ಶೇ 50ರಷ್ಟು ಅಖಿಲ ಭಾರತ ಕೋಟಾಕ್ಕೆ ಸೇರಿವೆ. ಪ್ರತಿಭಾವಂತರು ಎಲ್ಲೆಡೆಯಿಂದ ಬರುತ್ತಾರೆ, ಬರಲಿ. ರೋಗಿಗಳದೂ ಒಂದೇ ಭಾಷೆಯಲ್ಲ. ಕನ್ನಡದ ಜತೆಗೆ ತೆಲುಗು, ಉರ್ದು, ಲಂಬಾಣಿ, ತುಳು ಆಡುವವರೂ ಅದೇ ಬೆಂಚಿನಲ್ಲಿ ಕಾಯುತ್ತಾರೆ. ಆದ್ದರಿಂದ ಇದು ಭಾಷಾಭಿಮಾನದ ಪ್ರಶ್ನೆಯಲ್ಲ, ವ್ಯವಸ್ಥೆಯ ಪ್ರಶ್ನೆ.

ರೋಗಿಗೆ ಸಾಕಷ್ಟು ಮಾಹಿತಿ ನೀಡಿಯೇ ಚಿಕಿತ್ಸೆಗೆ ಒಪ್ಪಿಗೆ ಪಡೆಯಬೇಕೆಂದು ಸುಪ್ರೀಂ ಕೋರ್ಟ್ 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನ್ನದು, ಆ ಮಾಹಿತಿ ರೋಗಿಗೆ ತಿಳಿಯುವ ಭಾಷೆಯಲ್ಲಿರಬೇಕೆನ್ನುತ್ತದೆ. ಕಾಗದದ ಮೇಲೆ ಕೊರತೆಯಿಲ್ಲ.

ಬೇಕಾಗಿರುವುದು ಮೂರೇ ಕೆಲಸ. ಪ್ರತಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ತರಬೇತಿ ಪಡೆದ, ಸಂಬಳದ ದುಭಾಷಿಗಳಿರಲಿ. ಜ್ವರ, ರಕ್ತಸ್ರಾವದಂಥ ಅಪಾಯದ ಲಕ್ಷಣಗಳನ್ನು ರೋಗಿಯ ಭಾಷೆಯಲ್ಲಿ, ಚಿತ್ರಸಹಿತ ಒಂದು ಪುಟದಲ್ಲಿ ಅಚ್ಚು ಹಾಕಿಸಿ ಕೊಡಲಿ. ಕೊನೆಗೆ, ‘ನಾನು ಹೇಳಿದ್ದೇನು, ನೀವೇ ಒಮ್ಮೆ ಹೇಳಿ ನೋಡೋಣ’ ಎಂದು ವೈದ್ಯರು ಕೇಳಲಿ. ಸೇವೆಯಲ್ಲಿದ್ದಾಗ ಸುತ್ತೋಲೆ ಹೊರಡಿಸಿದರೆ ಕೆಲಸ ಮುಗಿಯಿತೆಂದು ನಾನೂ ನಂಬಿದ್ದೆ; ಅದು ಜನರಿಗೆ ಅರ್ಥವಾಯಿತೇ ಎಂದು ಪರೀಕ್ಷಿಸಿದ್ದು ಕಡಿಮೆ. ಲಕ್ಷಾಂತರ ರೂಪಾಯಿಯ ಔಷಧಿಗೆ ಹಣ ಕೊಟ್ಟು, ಅದನ್ನು ವಿವರಿಸುವ ಮಾತಿಗೆ ಕೊಡದಿರುವುದು ಮಿತವ್ಯಯವೆನಿಸದು.

ಆ ದಿನ ಆ ಮಹಿಳೆಯ ಪಕ್ಕದಲ್ಲಿ ನಾನಿದ್ದದ್ದು ಕೇವಲ ಆಕಸ್ಮಿಕ. ಒಂದು ಜೀವದ ಉಳಿವು ಅಂಥ ಆಕಸ್ಮಿಕವನ್ನು ನೆಚ್ಚಿಕೊಂಡಿರಬಾರದು.