ಬಲ್ಮಠ ಗುಡ್ಡದ ಸಭೆ

ಮಂಗಳೂರಿನ ಹಂಪನಕಟ್ಟೆಯಿಂದ ಪೂರ್ವಕ್ಕೆ ಏರುವ ರಸ್ತೆ ಬಲ್ಮಠಕ್ಕೆ ಮುಟ್ಟುತ್ತದೆ. ಈಗ ಅದು ಕಾಲೇಜು, ಆಸ್ಪತ್ರೆ, ಅಂಗಡಿಸಾಲುಗಳ ನಡುವೆ ಬಸ್ಸುಗಳು ಎಡೆಬಿಡದೆ ಓಡಾಡುವ ಜಾಗ. ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಪೇಟೆಯೆಲ್ಲ ಬಂದರಿನ ಸುತ್ತಲೇ ಇತ್ತು. ಬಲ್ಮಠವೆಂದರೆ ಊರ ಅಂಚಿನ ಗುಡ್ಡ. ಆ ಗುಡ್ಡದ ಮೇಲೆ 1862ರಲ್ಲಿ ಒಂದು ದೇವಾಲಯ ಎದ್ದಿತು. ಅದೇ ಇಂದಿನ ಶಾಂತಿ ಕೆಥೆಡ್ರಲ್. ಇಗರ್ಜಿಗಳ ಊರೆಂದೇ ಹೆಸರಾದ ಮಂಗಳೂರಿನಲ್ಲಿ ಕ್ಯಾಥೊಲಿಕರ ದೊಡ್ಡ ಸಮುದಾಯದ ಪಕ್ಕದಲ್ಲಿ ಪ್ರೊಟೆಸ್ಟೆಂಟರದ್ದು ಸಣ್ಣ ಬಳಗ. ಆದರೆ ಕನ್ನಡ ಅಕ್ಷರಲೋಕಕ್ಕೂ ಕರಾವಳಿಯ ದುಡಿಮೆಗೂ ಈ ಬಳಗ ಕೊಟ್ಟದ್ದು ಬಹಳ.

ಈ ಕಥೆಯನ್ನು ಸಾಮಾನ್ಯವಾಗಿ ಜರ್ಮನಿಯಿಂದ ಬಂದ ಪಾದ್ರಿಗಳ ಸಾಹಸವೆಂದು ಹೇಳುವುದು ರೂಢಿ. ಅವರ ಪಾಲು ಹಿರಿದು, ನಿಜ. ಆದರೂ ಸಭೆ ಎಂಬುದು ಕುಳಿತವರಿಂದ ಆಗುತ್ತದೆ. ಹಳೆಯ ನೆಲೆಗಳನ್ನು ಬಿಟ್ಟು ಬಂದು, ಬದುಕನ್ನು ಬುಡದಿಂದ ಕಟ್ಟಿಕೊಂಡ ತುಳುವ ಕುಟುಂಬಗಳೇ ಬಲ್ಮಠದ ಇತಿಹಾಸದ ತಿರುಳು.

ಬಂದರಿಗೆ ಬಂದ ಮೂವರು

ಬಾಸೆಲ್ ಮಿಷನ್ ಹುಟ್ಟಿದ್ದು 1815ರಲ್ಲಿ, ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ. ಅದರ ಕೆಲಸಗಾರರಲ್ಲಿ ಬಹುಪಾಲು ಜನ ದಕ್ಷಿಣ ಜರ್ಮನಿಯ ವುರ್ಟೆಂಬರ್ಗ್ ಸೀಮೆಯವರು. ಈಸ್ಟ್ ಇಂಡಿಯಾ ಕಂಪನಿಯ 1833ರ ಸನದು ಬ್ರಿಟಿಷರಲ್ಲದ ಮಿಷನರಿಗಳಿಗೂ ಬಾಗಿಲು ತೆರೆಯಿತು. ಮರುವರ್ಷವೇ ಸ್ಯಾಮುಯೆಲ್ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಕಲ್ಲಿಕೋಟೆಯಲ್ಲಿ ಹಡಗಿನಿಂದ ಇಳಿದು, 1834ರ ಅಕ್ಟೋಬರ್ 30ರಂದು ಮಂಗಳೂರಿಗೆ ಬಂದರು. 1836ರಲ್ಲಿ ಹರ್ಮನ್ ಮೋಗ್ಲಿಂಗ್ ಬಂದ. ಬಲ್ಮಠದ ಗುಡ್ಡ ಮಿಷನ್ನಿನ ಕೈಗೆ ಬಂದದ್ದು 1840ರಲ್ಲಿ.

ಮೊದಲ ವರ್ಷಗಳಲ್ಲಿ ಕೇಳುವವರು ಹಲವರು, ಸೇರುವವರು ಕೆಲವರು. ಊರನ್ನು ನಡುಗಿಸಿದ ಘಟನೆ ನಡೆದದ್ದು 1844ರ ಜನವರಿಯಲ್ಲಿ. ಮಿಷನ್ ಶಾಲೆಯ ವಿದ್ಯಾರ್ಥಿ, ಸಾರಸ್ವತ ಬ್ರಾಹ್ಮಣ ಮನೆತನದ ಆನಂದರಾವ್ ಕೌಂಡಿನ್ಯ ಇಬ್ಬರು ಗೆಳೆಯರೊಂದಿಗೆ ದೀಕ್ಷಾಸ್ನಾನ ಪಡೆದ. ಪೇಟೆಯಲ್ಲಿ ಕೋಲಾಹಲವೆದ್ದಿತು. ಮುಂದೆ ಬಾಸೆಲಿನಲ್ಲಿ ದೇವಶಾಸ್ತ್ರ ಓದಿ, 1851ರಲ್ಲಿ ಪಾದ್ರಿಯಾಗಿ ಅಭಿಷಿಕ್ತನಾಗಿ ಮರಳಿದ ಆತ, 1847ರಲ್ಲಿ ಆರಂಭವಾಗಿದ್ದ ಮಂಗಳೂರಿನ ಸೆಮಿನರಿಯಲ್ಲಿ ಪಾಠ ಹೇಳಿದ. ಯುರೋಪಿನವರು ಹಚ್ಚಿದ ಕೆಲಸವನ್ನು ಈ ನೆಲದವರು ವಹಿಸಿಕೊಳ್ಳಬಲ್ಲರು ಎಂಬುದಕ್ಕೆ ಅವನೇ ಮೊದಲ ಸಾಕ್ಷಿ.

ಹೊಟ್ಟೆಪಾಡಿನ ಪ್ರಶ್ನೆ

ಕೌಂಡಿನ್ಯನ ಹೆಸರು ಪುಸ್ತಕಗಳಲ್ಲಿ ಉಳಿಯಿತು. ಸಭೆಯನ್ನು ತುಂಬಿದವರು ಮಾತ್ರ ಹೆಚ್ಚಾಗಿ ಬಿಲ್ಲವರು, ಗೇಣಿ ಒಕ್ಕಲುಗಳು, ಕೂಲಿಯವರು. ಅವರು ತೆತ್ತ ಬೆಲೆ ಸಣ್ಣದಲ್ಲ. ತುಳುನಾಡಿನಲ್ಲಿ ಭೂತಾರಾಧನೆ ಕುಟುಂಬಕ್ಕೂ ಭೂಮಿಗೂ ಹೆಣೆದುಕೊಂಡದ್ದು. ಅದರಿಂದ ಹೊರಬಂದವನಿಗೆ ಮನೆಯವರೂ ದೂರ, ಧಣಿಯೂ ದೂರ. ಅಳಿಯಸಂತಾನದ ಕಟ್ಟಿನಲ್ಲಿದ್ದ ಕುಟುಂಬದ ಆಸ್ತಿ ಕೈಗೆಟುಕುವುದು ಕಷ್ಟ. ತಲೆಮಾರುಗಳಿಂದ ಬಂದ ಮೂರ್ತೆ, ಅಂದರೆ ಕಳ್ಳು ಇಳಿಸುವ ಕಸುಬನ್ನು ಮಿಷನ್ ಒಪ್ಪುತ್ತಿರಲಿಲ್ಲ. ಹಾಗಾದರೆ ನಾಳೆಯ ಗಂಜಿಗೆ ದಾರಿ ಏನು?

ಉತ್ತರ ಹುಡುಕುತ್ತ ಮಿಷನ್ ಕಸುಬುಗಳನ್ನು ಕಟ್ಟಿತು. ಒಂದೊಂದೂ ಕೂಡಲೇ ಕೈಹಿಡಿಯಲಿಲ್ಲ. ನಿಂತದ್ದು ಮುದ್ರಣ, ನೇಯ್ಗೆ ಮತ್ತು ಹೆಂಚು. 1851ರಲ್ಲಿ ಬಂದ ಹಾಲರ್ ಹೊಸ ಬಗೆಯ ಮಗ್ಗಗಳನ್ನು ಹೂಡಿದ. ಖಾಕಿ ಬಣ್ಣ ಮೊದಲು ಹದಗೊಂಡದ್ದು ಅವನ ಮಗ್ಗದ ಮನೆಯಲ್ಲಿ ಎಂಬ ಮಾತು ಕರಾವಳಿಯಲ್ಲಿ ಇಂದಿಗೂ ಪ್ರಚಲಿತ. ಮುದ್ರಣಾಲಯದ ಕೆಲಸಕ್ಕೆಂದು ಬಂದಿದ್ದ ಜಾರ್ಜ್ ಪ್ಲೆಬ್ಸ್ಟ್ ಇಲ್ಲಿಯ ನದಿಬಯಲಿನ ಜೇಡಿಮಣ್ಣನ್ನು ಪರೀಕ್ಷಿಸಿ, 1865ರಲ್ಲಿ ನೇತ್ರಾವತಿಯ ಬದಿಯ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ. ಮುಳಿಹುಲ್ಲು, ಮಡಲಿನ ಮಾಡು ವರ್ಷ ವರ್ಷ ಹೊದಿಸಬೇಕು, ಬೆಂಕಿಯ ಭಯ ಬೇರೆ. ಒಂದಕ್ಕೊಂದು ಕಚ್ಚಿಕೊಂಡು ಕೂರುವ ಈ ಹೆಂಚು ಕರಾವಳಿಯ ಜಡಿಮಳೆಯನ್ನು ತಡೆಯಿತು. ಕುದ್ರೋಳಿ, ಮಲ್ಪೆಗಳಲ್ಲೂ ಕಾರ್ಖಾನೆಗಳು ಬಂದವು. ಮಂಗಳೂರು ಹೆಂಚು ದೂರದ ದೇಶಗಳಿಗೆ ಹಡಗು ಏರಿತು.

ಇದರಲ್ಲಿ ಬಿಗಿಯೂ ಇತ್ತು. ಕೆಲಸ ಕೊಡುವವರೂ ಪ್ರಾರ್ಥನೆ ನಡೆಸುವವರೂ ಒಂದೇ ಮಿಷನ್ನಿನವರಾದ್ದರಿಂದ ಕಾರ್ಖಾನೆಯ ಶಿಸ್ತು ಮತ್ತು ಸಭೆಯ ಶಿಸ್ತು ಒಂದರೊಳಗೊಂದು ಸೇರಿಕೊಂಡಿದ್ದವು. ಆದರೂ ಗಂಟೆಯ ಲೆಕ್ಕದ ದುಡಿಮೆ, ಕೈಗೆ ನೇರವಾಗಿ ಬರುವ ಸಂಬಳ, ಮಕ್ಕಳಿಗೆ ಶಾಲೆ, ಹೆಣ್ಣುಮಕ್ಕಳಿಗೂ ಅಕ್ಷರ ಇವೆಲ್ಲ ಧಣಿಯ ಅಂಗಳದಲ್ಲಿ ಕೈಕಟ್ಟಿ ನಿಲ್ಲುತ್ತಿದ್ದವರ ಬೆನ್ನನ್ನು ನೆಟ್ಟಗೆ ಮಾಡಿದವು. ಈ ಮಾತನ್ನು ನಾನು ಪೂರ್ಣ ನಂಬಿಕೆಯಿಂದ ಹೇಳುತ್ತೇನೆ.

ಮನೆಯಲ್ಲಿ ತುಳು, ಪುಸ್ತಕದಲ್ಲಿ ಕನ್ನಡ

ಈ ಸಭೆಯವರ ಮನೆಮಾತು ತುಳು. ಓದು, ಆರಾಧನೆ ಬಹುಮಟ್ಟಿಗೆ ಕನ್ನಡದಲ್ಲಿ. ಎರಡಕ್ಕೂ ಪುಸ್ತಕ ಬೇಕಿತ್ತು. 1841ರಲ್ಲಿ ಕಲ್ಲಚ್ಚಿನಿಂದ ಆರಂಭವಾದ ಬಾಸೆಲ್ ಮಿಷನ್ ಮುದ್ರಣಾಲಯ ಆ ಹಸಿವನ್ನು ತಣಿಸಿತು. ಗ್ರೈನರ್ ಮೊದಲಾದವರ ದುಡಿಮೆಯಿಂದ ಹೊಸ ಒಡಂಬಡಿಕೆ ತುಳುವಿಗೆ ಬಂದಾಗ ಅದು ಅಚ್ಚಾದದ್ದು ಕನ್ನಡ ಲಿಪಿಯಲ್ಲಿ. ಬ್ರಿಗೆಲ್ 1872ರಲ್ಲಿ ತುಳು ವ್ಯಾಕರಣವನ್ನೂ ಮ್ಯಾನರ್ 1886ರಲ್ಲಿ ತುಳು ನಿಘಂಟನ್ನೂ ಹೊರತಂದರು. ತುಳುವಿನಲ್ಲಿ ಬರೆದು ಅಚ್ಚು ಹಾಕುವ ರೂಢಿಗೆ ಈ ಕೆಲಸಗಳು ಅಡಿಪಾಯವಾದವು.

ಕನ್ನಡಕ್ಕೆ ಸಿಕ್ಕದ್ದು ಇನ್ನೂ ದೊಡ್ಡದು. ಮೋಗ್ಲಿಂಗ್ 1843ರ ಜುಲೈ 1ರಂದು ಆರಂಭಿಸಿದ ‘ಮಂಗಳೂರ ಸಮಾಚಾರ’ ಕನ್ನಡದ ಮೊದಲ ಪತ್ರಿಕೆ. ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳನ್ನು ಅವನು ಅಚ್ಚಿಗೆ ತಂದ. 1853ರಲ್ಲಿ ಮಂಗಳೂರಿಗೆ ಬಂದ ಫರ್ಡಿನಾಂಡ್ ಕಿಟೆಲ್, ದೇವಾಲಯ ಎದ್ದ 1862ರಲ್ಲೇ, ಯೇಸುವಿನ ಚರಿತೆಯನ್ನು ದೇಸಿ ಛಂದಸ್ಸಿಗೆ ಇಳಿಸಿದ ‘ಕಥಾಮಾಲೆ’ಯನ್ನು ಹೊರತಂದ. ಸುಮಾರು 70,000 ಪದಗಳ ಅವನ ನಿಘಂಟು 1894ರಲ್ಲಿ ಇದೇ ಮುದ್ರಣಾಲಯದಿಂದ ಬಂತು. ಮೊಳೆ ಜೋಡಿಸಿದವರು, ಕರಡು ಹಿಡಿದವರು, ಹೊಲಿದು ರಟ್ಟು ಕಟ್ಟಿದವರು ಎಷ್ಟೋ ಜನ. ಕಿಟೆಲ್‌ನಿಗೆ ಸಲ್ಲಿಸುವ ಕೃತಜ್ಞತೆಯಲ್ಲಿ ಆ ಕೈಗಳಿಗೂ ಪಾಲಿದೆ.

ಹಾಡಿನಲ್ಲೂ ಅದೇ ಹೊಂದಾಣಿಕೆ. ಜರ್ಮನ್ ಕೀರ್ತನೆಗಳ ನಿಧಾನಗತಿಯ ಧಾಟಿಗೆ ಕನ್ನಡ, ತುಳು ಮಾತುಗಳು ಕೂಡಿದವು. ನಾಲ್ಕು ಸ್ವರಭಾಗಗಳಲ್ಲಿ ಒಟ್ಟಿಗೆ ಹಾಡುವ ಕಲೆ ಹೀಗೆ ಇಲ್ಲಿ ಬೇರೂರಿತು.

ಕೈತಾಂಗು ಕಳಚಿದಾಗ

1914ರಲ್ಲಿ ಮೊದಲ ಮಹಾಯುದ್ಧ ಹೊತ್ತಿತು. ಜರ್ಮನ್ ಪಾದ್ರಿಗಳು ಬ್ರಿಟಿಷರ ಕಣ್ಣಿಗೆ ಶತ್ರುಗಳಾದರು; ಹಲವರು ಸೆರೆಶಿಬಿರ ಸೇರಿದರು, ಆಮೇಲೆ ದೇಶ ಬಿಡಬೇಕಾಯಿತು. ಹೆಂಚು, ನೇಯ್ಗೆಯ ಕಾರ್ಖಾನೆಗಳು ಮಿಷನ್ನಿನ ಕೈತಪ್ಪಿ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಸಂಸ್ಥೆಗೆ ಹೋದವು. ಎಂಬತ್ತು ವರ್ಷ ಆಸರೆಯಾಗಿದ್ದ ಹಣ, ಅಧಿಕಾರ ಎರಡೂ ಒಮ್ಮೆಗೇ ಕಳಚಿಕೊಂಡವು.

ಸಭೆ ಚದುರಲಿಲ್ಲ. ಪ್ರಸಂಗ, ದೀಕ್ಷಾಸ್ನಾನ, ಮದುವೆ, ಮಣ್ಣು ಮಾಡುವುದು, ಬಡವರ ನಿಧಿಯ ಲೆಕ್ಕ ಎಲ್ಲವನ್ನೂ ಈ ನೆಲದ ಸಭಾಪಾಲಕರೂ ಹಿರಿಯರೂ ಹೊತ್ತು ನಡೆಸಿದರು. ಬಲ್ಮಠದ ಚರಿತ್ರೆಯಲ್ಲಿ 1862ರಷ್ಟೇ ಮಹತ್ವ ಈ ಕಷ್ಟದ ವರ್ಷಗಳಿಗೂ ಸಲ್ಲಬೇಕು. ದೇವಾಲಯ ಕಟ್ಟಲು ಹೊರಗಿನ ನೆರವಿತ್ತು. ಸಭೆ ಉಳಿದದ್ದು ಒಳಗಿನ ಬಲದಿಂದ.

1947ರ ಸೆಪ್ಟೆಂಬರಿನಲ್ಲಿ ಮದರಾಸಿನಲ್ಲಿ ದಕ್ಷಿಣ ಭಾರತ ಸಭೆ ಸ್ಥಾಪನೆಯಾಯಿತು. ಬೇರೆ ಬೇರೆ ಪಂಗಡದ ಪ್ರೊಟೆಸ್ಟೆಂಟರು ಒಂದೇ ಸೂರಿನಡಿ ಬಂದರು. ಇಂದು ಶಾಂತಿ ಕೆಥೆಡ್ರಲ್ ಅದರ ಕರ್ನಾಟಕ ದಕ್ಷಿಣ ಸಭಾಪ್ರಾಂತದ ಪ್ರಧಾನ ದೇವಾಲಯ. ಸರ್ವಜ್ಞನ ವಚನಗಳನ್ನು ಸಂಗ್ರಹಿಸಿ ಕೊಟ್ಟ ಉತ್ತಂಗಿ ಚನ್ನಪ್ಪನವರು ಓದಿದ ಸೆಮಿನರಿಯ ಪರಂಪರೆ, 1965ರಿಂದ ಕರ್ನಾಟಕ ದೇವಶಾಸ್ತ್ರ ಕಾಲೇಜಿನಲ್ಲಿ ಮುಂದುವರಿದಿದೆ. ಹಳೆಯ ಗ್ರಂಥ, ದಾಖಲೆಗಳ ಭಂಡಾರವೂ ಅಲ್ಲಿದೆ.

ಕರಾವಳಿಯ ಹಳೆಯ ಸಭೆಗಳ ದೀಕ್ಷಾಸ್ನಾನ, ಮದುವೆ, ಮರಣಗಳ ಪುಸ್ತಕಗಳಿಗೂ ಇಷ್ಟೇ ಜತನ ಸಿಗಬೇಕು. ರಾಜರ ಶಾಸನಗಳಲ್ಲಾಗಲಿ ಕಂದಾಯದ ಕಡತಗಳಲ್ಲಾಗಲಿ ಹೆಸರು ಸಿಗದ ಒಕ್ಕಲು, ನೇಕಾರ, ಹೆಂಚಿನ ಕೆಲಸದ ಹೆಂಗಸು ಈ ಪುಟಗಳಲ್ಲಿ ಹೆಸರು ಹಿಡಿದು ಸಿಗುತ್ತಾರೆ. ಅವರ ಮೊಮ್ಮಕ್ಕಳು, ಮರಿಮಕ್ಕಳು ಮನೆಯ ಹಿರಿಯರಿಂದ ಕೇಳಿದ ಕಥೆಗಳನ್ನು ಅವುಗಳ ಜೊತೆ ಸೇರಿಸಿ ಬರೆದಿಟ್ಟರೆ ತುಳುನಾಡಿನ ದುಡಿಯುವ ಜನರ ಚರಿತ್ರೆಯ ಒಂದು ದೊಡ್ಡ ಅಧ್ಯಾಯ ನಮಗೆ ದಕ್ಕುತ್ತದೆ. ಆ ಕೆಲಸಕ್ಕೆ ಚರಿತ್ರಕಾರರೂ ಸಭೆಯವರೂ ಒಟ್ಟಿಗೆ ಕೂರಬೇಕು.