ಅರವತ್ತು ನೇರಳೆಗೆ ಕನ್ನಂಬಾಡಿ ಭರ್ತಿ

ಜಾತಿ: ನೇರಳೆ. ಎತ್ತರ: 1,100 ಯೋಜನ. ಇರುವ ಜಾಗ: ಮೇರುವಿನ ಸುತ್ತಲ ನಾಲ್ಕು ಬೆಟ್ಟಗಳಲ್ಲೊಂದರ ನೆತ್ತಿ. ಪೂಜೆಗೆ ಕೂತಾಗ ಸಂಕಲ್ಪದಲ್ಲಿ ‘ಜಂಬೂದ್ವೀಪ’ ಎಂದು ನಮ್ಮ ವಿಳಾಸ ಒಪ್ಪಿಸುತ್ತೇವಲ್ಲ, ಆ ಜಂಬೂ ಈ ಮರವೇ.

ಯೋಜನವೆಂದರೆ ಎಷ್ಟು ದೂರ? ವಿದ್ವಾಂಸರಲ್ಲಿ ಒಮ್ಮತವಿಲ್ಲ, 8 ಕಿ.ಮೀ. ಎನ್ನುವವರಿದ್ದಾರೆ, 13 ಎನ್ನುವವರೂ ಇದ್ದಾರೆ. ಜಿಪುಣತನದಿಂದ ಎಂಟನ್ನೇ ಹಿಡಿಯೋಣ. ಮರ 8,800 ಕಿ.ಮೀ. ಆಯಿತು. ಎವರೆಸ್ಟಿನ ಮೇಲೆ ಎವರೆಸ್ಟ್ ಇಡುತ್ತ ಹೋದರೆ ತುದಿ ಮುಟ್ಟಲು ಸುಮಾರು ಒಂದು ಸಾವಿರ ಬೇಕು. ಇಂದು ಬದುಕಿರುವ ಮರಗಳಲ್ಲೇ ಅತಿ ಎತ್ತರದ್ದು ಕ್ಯಾಲಿಫೋರ್ನಿಯಾದ ರೆಡ್‌ವುಡ್ ‘ಹೈಪೀರಿಯನ್’, ಸುಮಾರು 116 ಮೀಟರ್. ಅಂಥವು 75 ಸಾವಿರ ಸಾಲದು. ಬಾಹ್ಯಾಕಾಶ ನಿಲ್ದಾಣ ಸುತ್ತುವುದು ಸುಮಾರು 400 ಕಿ.ಮೀ. ಎತ್ತರದಲ್ಲಿ, ಅದು ಮರದ ಬುಡದಲ್ಲೇ ಸುಳಿದಾಡಿದಂತೆ. ಕೈ ಸಡಿಲಿಸಿ 13ನ್ನು ಒಪ್ಪಿಕೊಂಡರೆ ಮರ 14,300 ಕಿ.ಮೀ. ಭೂಮಿಯ ವ್ಯಾಸವೇ 12,742. ಅಂದರೆ ಭೂಮಿಯನ್ನು ಈ ಮರಕ್ಕೆ ಒರಗಿಸಿ ಇಡಬಹುದು.

‘ವಿಸುದ್ಧಿಮಗ್ಗ’ ಬರೆದ ಬುದ್ಧಘೋಷ 100 ಯೋಜನಕ್ಕೇ ಮರವನ್ನು ನಿಲ್ಲಿಸಿದ. ಅಷ್ಟು ಕತ್ತರಿಸಿದ ಮೇಲೂ ಉಳಿಯುವುದು 800 ಕಿ.ಮೀ.; ಅಡ್ಡ ಮಲಗಿಸಿದರೆ ಬೀದರಿನಿಂದ ಚಾಮರಾಜನಗರ ದಾಟಿ ಆಚೆ ಚಾಚುತ್ತದೆ.

ಇನ್ನು ಹಣ್ಣು. ವಿಷ್ಣುಪುರಾಣದ ಹಣ್ಣು ಆನೆಯಷ್ಟು. ಮಹಾಭಾರತದ ಭೀಷ್ಮಪರ್ವಕ್ಕೆ ಆನೆ ಸಾಲಲಿಲ್ಲ: ಹಣ್ಣಿನ ಸುತ್ತಳತೆ 2,500 ಅರತ್ನಿ. ಮೊಣಕೈಯಿಂದ ಕಿರುಬೆರಳ ತುದಿಯವರೆಗೆ ಒಂದು ಅರತ್ನಿ, ಸುಮಾರು 45 ಸೆಂ.ಮೀ. ಹಾಗಾದರೆ ಸುತ್ತಳತೆ ಒಂದು ಕಿಲೋಮೀಟರಿಗೂ ಮಿಗಿಲು, ಅಡ್ಡಗಲ 358 ಮೀಟರ್. ದುಂಡಗಿದೆ ಎಂದುಕೊಂಡರೆ ಒಳಗೆ 2.4 ಕೋಟಿ ಘನ ಮೀಟರ್ ತಿರುಳು. ಐದು ಟನ್ ತೂಗುವ ಆನೆಗಳ ಲೆಕ್ಕದಲ್ಲಿ 48 ಲಕ್ಷ ಆನೆ. ನಮಗೆ ಇನ್ನೂ ಚೆನ್ನಾಗಿ ಅರ್ಥವಾಗುವ ಲೆಕ್ಕದಲ್ಲಿ ಹೇಳುವುದಾದರೆ, ಒಂದು ಹಣ್ಣಿಗೆ 0.85 ಟಿಎಂಸಿ. ಕನ್ನಂಬಾಡಿ ಕಟ್ಟೆಯ ಸಾಮರ್ಥ್ಯ 49.45 ಟಿಎಂಸಿ. ಅರವತ್ತು ಹಣ್ಣು ಹಿಂಡಿದರೆ ಜಲಾಶಯ ಭರ್ತಿ, ಮಳೆಗೆ ಕಾಯುವಂತಿಲ್ಲ. ಬೀಜ ಕಳೆಯಬೇಡವೇ ಎಂದು ಕೇಳುವವರಿಗೆ ಭಾಗವತದಲ್ಲಿ ಉತ್ತರ ಸಿದ್ಧವಿದೆ: ಆ ಹಣ್ಣಿನಲ್ಲಿ ಬೀಜ ಇದ್ದೂ ಇಲ್ಲದಷ್ಟು.

ಅಷ್ಟೆತ್ತರದಿಂದ ಬಿದ್ದ ಹಣ್ಣು ಒಡೆಯದೆ ಇರುತ್ತದೆಯೇ? ರಸ ಹೊಳೆಯಾಗಿ ಹರಿಯುತ್ತದೆ. ಅದೇ ಜಂಬೂ ನದಿ. ಭಾಗವತದಲ್ಲಿ ಅದು 10,000 ಯೋಜನ ಎತ್ತರದ ಶಿಖರದಿಂದ ಧುಮುಕುತ್ತದೆ. ನಮ್ಮ ಜೋಗ 253 ಮೀಟರ್. ಮೂರು ಲಕ್ಷಕ್ಕೂ ಹೆಚ್ಚು ಜೋಗಗಳನ್ನು ಒಂದರ ಮೇಲೊಂದು ಪೇರಿಸಿದ ಧುಮುಕು. ಕುಡಿದವರಿಗೆ ಬೆವರಿಲ್ಲ, ದುರ್ವಾಸನೆಯಿಲ್ಲ, ಮುಪ್ಪಿಲ್ಲ. ದಡದ ಮಣ್ಣು ಆ ರಸದಲ್ಲಿ ನೆನೆದು ಗಾಳಿಗೆ ಒಣಗಿದರೆ ಚಿನ್ನ. ಚಿನ್ನಕ್ಕೆ ‘ಜಾಂಬೂನದ’ ಎಂಬ ಹೆಸರು ಬಂದದ್ದು ಹೀಗೆ.

ಇಷ್ಟೆಲ್ಲ ಊದಿಸಿದವರು ನೇರಳೆ ಮರದ ಕೆಳಗೆ ನಿಂತು ನೋಡಿದವರೇ ಇರಬೇಕು. ಮಾವಿನಂತೆ ನೇರಳೆಯನ್ನು ಕಾಯಿ ಕಿತ್ತು ಹಣ್ಣು ಮಾಡುವಂತಿಲ್ಲ. ಮರದಲ್ಲೇ ಕಳಿತು, ತಾನಾಗಿ ಉದುರಿ, ಬಿದ್ದಲ್ಲೇ ಪಚ್ಚೆಂದು ಒಡೆಯುವ ಹಣ್ಣು ಅದು. ಜೂನ್ ಬಂತೆಂದರೆ ಮರದಡಿಯ ರಸ್ತೆ, ನಿಂತ ಕಾರು, ಮಕ್ಕಳ ಅಂಗಿ, ನಾಲಿಗೆ ಎಲ್ಲ ನೇರಳೆ. ಪುರಾಣದಲ್ಲಿ ಹೊಳೆಯಾದದ್ದು ಆ ಕಲೆಯೇ. ಗಾತ್ರ ಕೋಟಿಪಟ್ಟು ಬೆಳೆಯಿತು. ಉದುರುವುದು, ಒಡೆಯುವುದು, ಮಣ್ಣಿಗೆ ಬಣ್ಣ ಹತ್ತಿಸುವುದು ಮಾತ್ರ ಹಾಗೆಯೇ ಉಳಿಯಿತು.

ಆದರೆ ಅದರ ಲೋಕದೊಳಗೆ ಈ ಮರ ದೊಡ್ಡದೇನಲ್ಲ. ಜಂಬೂದ್ವೀಪದ ಅಗಲ ಒಂದು ಲಕ್ಷ ಯೋಜನ; ನೆಲದ ಮೇಲೆ ಮೇರು 84,000. ಅಂಗಳದಲ್ಲಿ ಒಂದು ಮೀಟರ್ ಅಗಲದ ರಂಗೋಲಿಯಾಗಿ ದ್ವೀಪವನ್ನು ಬಿಡಿಸಿದರೆ ಮೇರು 84 ಸೆಂ.ಮೀ. ಎದ್ದು ನಿಲ್ಲುತ್ತದೆ, ಮರ 11 ಮಿಲಿಮೀಟರ್. ಸಂತೆಯಲ್ಲಿ ಸಿಗುವ ದಪ್ಪ ಜಂಬುನೇರಳೆಯ ಅರ್ಧಕ್ಕೂ ಬಾರದು.

ಹೀಗಿದ್ದೂ ಮೇರುದ್ವೀಪ ಎನ್ನಲಿಲ್ಲ ಯಾರೂ. ಕ್ರಿ.ಪೂ. ಮೂರನೆಯ ಶತಮಾನದಲ್ಲಿ ಅಶೋಕ ನಮ್ಮ ಬ್ರಹ್ಮಗಿರಿಯ ಬಂಡೆಯ ಮೇಲೆ ತನ್ನ ನಾಡನ್ನು ಕೆತ್ತಿಸಿದ್ದು ‘ಜಂಬುದೀಪ’ ಎಂದೇ. ಎಪ್ಪತ್ತಾರು ಪಟ್ಟು ಎತ್ತರದ ಚಿನ್ನದ ಬೆಟ್ಟ ಪಕ್ಕದಲ್ಲೇ ನಿಂತಿರುವಾಗ, ದ್ವೀಪಕ್ಕೆ ಹೆಸರು ಕೊಟ್ಟದ್ದು ಉಪ್ಪು ಹಚ್ಚಿ ತಿನ್ನುವ ಹಣ್ಣು.